ಎಂಟು ಚೀಲ ಆಲೂಗಡ್ಡೆ, ಒಂದು ಶಪಥ

ಜಯನಗರ ಒಂಬತ್ತನೇ ಬ್ಲಾಕ್
5 ಜುಲೈ 2024

ಶ್ರೀಮತಿ ಪಂಕಜಾ ಅವರಿಗೆ, ಇಟ್ಟಮಡು.

ಮಾನ್ಯರೇ,

ಮೂರು ವರ್ಷದ ಹಿಂದೆ ತಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ, ಊಟದ ಪಂಕ್ತಿಯಲ್ಲಿ, ನಾನು ಒಂದು ಶಪಥ ಮಾಡಿದ್ದು ತಮಗೆ ನೆನಪಿರಬಹುದು. ತಾವು ಮಂಡಿ ಆಪರೇಷನ್ನಿಗೆ ಹೋಗುವಾಗ ನನ್ನ ಮನೆಯಲ್ಲಿ ಬಿಟ್ಟುಹೋದ ಇಪ್ಪತ್ತೆರಡು ಕುಂಡಗಳಲ್ಲಿ ಇಪ್ಪತ್ತೆರಡೂ ಸತ್ತವು ಎಂಬುದು ನಿಜ. ಆದರೆ ಅದಕ್ಕಾಗಿ ಮೂವತ್ತು ಜನ ನೆಂಟರ ಎದುರು, ನಾನು ಪಾಯಸಕ್ಕೆ ಕೈ ಹಾಕಿದ್ದಾಗ, "ಇವನ ಕೈಲಿ ಆಲೂಗಡ್ಡೆನೂ ಮೊಳೆಯಲ್ಲ" ಎಂದು ಹೇಳಬೇಕಾಗಿರಲಿಲ್ಲ. ಆಲೂಗಡ್ಡೆ ಅಡುಗೆಮನೆಯ ಬುಟ್ಟಿಯಲ್ಲಿ ಸುಮ್ಮನೆ ಬಿದ್ದಿದ್ದರೂ ಮೊಳೆಯುತ್ತದೆ. ಅರ್ಧ ಊಟದಲ್ಲಿ ಎದ್ದು ನಾನು ಹೇಳಿದ್ದು ಇಷ್ಟು: ನಾನು ಬೆಳೆದ ಆಲೂಗಡ್ಡೆ ನೀವು ತಿನ್ನುವ ತನಕ ನಿಮ್ಮ ಜೊತೆ ಒಂದು ಮಾತೂ ಆಡುವುದಿಲ್ಲ. ಇವತ್ತಿನವರೆಗೂ ಆಡಿಲ್ಲ.

ಆದರೆ ಮಾತಾಡುವುದಿಲ್ಲ ಎಂದಿದ್ದೆನೇ ಹೊರತು ಕಾಗದ ಬರೆಯುವುದಿಲ್ಲ ಎಂದಿರಲಿಲ್ಲ. ಪಕ್ಕದ ಮನೆಯ ವಕೀಲ ಗಂಗಾಧರಯ್ಯನವರನ್ನು ಕೇಳಿ ಇದನ್ನು ಖಚಿತ ಮಾಡಿಕೊಂಡಿದ್ದೇನೆ. ಆದ್ದರಿಂದ ಈ ಪತ್ರ.

ಜೂನ್ 3ರಂದು ನಮ್ಮ ಟೆರೇಸಿನಲ್ಲಿ ಎಂಟು ಹಳೆಯ ಅಕ್ಕಿ ಚೀಲಗಳಿಗೆ ಮಣ್ಣು ತುಂಬಿ ಆಲೂಗಡ್ಡೆ ನೆಟ್ಟಿದ್ದೇನೆ. ಎಂಟರಲ್ಲೂ ಗಿಡ ಬಂದಿವೆ. ಈಗ ಎಲೆಗಳಲ್ಲಿ ತೂತುಗಳು ಕಾಣಿಸಿವೆ. ಒಂದು ಎಲೆಯನ್ನು ಲಗತ್ತಿಸಿದ್ದೇನೆ. ತಾವು ಇಪ್ಪತ್ತೆಂಟು ವರ್ಷ ಸರ್ಕಾರಿ ಪ್ರಯೋಗಾಲಯದಲ್ಲಿ ಗಿಡಗಳ ರೋಗ ಪತ್ತೆ ಹಚ್ಚಿದವರು. ಸಂಬಂಧವನ್ನು ಬದಿಗಿಟ್ಟು ಇದು ಯಾವ ಹುಳದ ಕೆಲಸ ಎಂದು ತಿಳಿಸಬೇಕಾಗಿ ವಿನಂತಿ.

ಸೆಪ್ಟೆಂಬರ್ 6ಕ್ಕೆ ಗೌರಿ ಹಬ್ಬ. ಮೂರು ವರ್ಷ ನಿಮ್ಮ ಬಾಗಿನ ನನ್ನ ಮಗಳು ಶರ್ವಾಣಿಯ ಕೈಯಲ್ಲಿ ಬಂತು. ಈ ವರ್ಷ ನಾನೇ ತರಬೇಕೆಂದಿದ್ದೇನೆ. ಬೆಳೆ ಅಷ್ಟರೊಳಗೆ ಕೈಗೆ ಬರಬೇಕು.

ತಮ್ಮ ವಿಶ್ವಾಸಿ,
ಗುಂಡಣ್ಣ


ಇಟ್ಟಮಡು
10 ಜುಲೈ 2024

ಗುಂಡಣ್ಣ,

ಒಡಹುಟ್ಟಿದ ಅಕ್ಕನಿಗೆ 'ಮಾನ್ಯರೇ' ಎಂದು ಬರೆದಿದ್ದೀಯ. ಮೊದಲನೇ ರೋಗಲಕ್ಷಣ ಅದೇ. ಗಿಡದ್ದು ಆಮೇಲೆ ನೋಡೋಣ.

ನಿನ್ನ ಎಲೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಕಂಬಳಿಹುಳ ತಿಂದರೆ ಅಂಚಿನಿಂದ ಅಡ್ಡಾದಿಡ್ಡಿ ತಿನ್ನುತ್ತದೆ, ಪಕ್ಕದಲ್ಲೇ ಹಿಕ್ಕೆ ಹಾಕಿರುತ್ತದೆ. ಬಸವನ ಹುಳ ಬಂದರೆ ಲೋಳೆಯ ಜಾಡು ಬಿಟ್ಟಿರುತ್ತದೆ. ಸಣ್ಣ ಜೀರುಂಡೆ ತಿಂದರೆ ಸೂಜಿಯಲ್ಲಿ ಚುಚ್ಚಿದಷ್ಟು ತೂತು. ನಿನ್ನ ಎಲೆಯಲ್ಲಿ ಆರು ತೂತು, ಆರೂ ದುಂಡಗೆ, ಆರೂ ಒಂದೇ ಅಳತೆ. ಇಷ್ಟು ಶಿಸ್ತಿನ ಹುಳವನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ನಮ್ಮ ಇಲಾಖೆಗೆ ಸೇರಿದ್ದರೆ ಬೇಗ ಬಡ್ತಿ ಸಿಗುತ್ತಿತ್ತು.

ಸದ್ಯಕ್ಕೆ ಔಷಧ ಬೇಡ. ಬೆಳಿಗ್ಗೆ ಆರು ಗಂಟೆಗೆ ಟೆರೇಸಿಗೆ ಹೋಗಿ ಎಲೆಗಳ ಅಡಿಭಾಗ ತಿರುಗಿಸಿ ನೋಡು. ಗಿಡ ಎತ್ತರವಾದಂತೆ ಬುಡಕ್ಕೆ ಮಣ್ಣು ಏರಿಸುತ್ತಾ ಹೋಗು, ಇಲ್ಲದಿದ್ದರೆ ಗಡ್ಡೆಗಳು ಬಿಸಿಲಿಗೆ ಹಸಿರಾಗುತ್ತವೆ. ಹಸಿರು ಗಡ್ಡೆ ತಿನ್ನಬಾರದು. ಮುಖ್ಯವಾಗಿ ನೀರು ಕಡಿಮೆ ಹಾಕು. ನನ್ನ ಇಪ್ಪತ್ತೆರಡು ಕುಂಡ ಸತ್ತದ್ದು ಬಾಯಾರಿಕೆಯಿಂದಲ್ಲ, ನಿನ್ನ ಅತಿಯಾದ ಉಪಚಾರದಿಂದ.

ಶರ್ವಾಣಿ ಮೊನ್ನೆ ಬಂದಿದ್ದಳು. ನೀನು ಇಳಿದುಹೋಗಿದ್ದೀಯಂತೆ. ಊಟ ಸರಿಯಾಗಿ ಮಾಡು.

ಪಂಕಜಾ


ಜಯನಗರ
20 ಜುಲೈ 2024

ಅಕ್ಕನವರಿಗೆ,

ಪತ್ರ ತಲುಪಿತು. ನೀವು ಹೇಳಿದಂತೆ ಒಂದು ವಾರ ಬೆಳಿಗ್ಗೆ ಆರಕ್ಕೆ ಟೆರೇಸಿಗೆ ಹೋದೆ. ಹುಳ ಕಾಣಲಿಲ್ಲ. ತಾನಾಗಿಯೇ ಬಿಟ್ಟುಹೋಗಿರಬೇಕು. ಆದರೆ ಬೆಳಗಿನ ಆರು ಗಂಟೆ ಎಂಬುದೊಂದು ಇದೆ ಎಂದು ರಿಟೈರಾದ ಮೇಲೆ ಮೊದಲ ಸಲ ನೋಡಿದೆ. ಚೆನ್ನಾಗಿಯೇ ಇದೆ. ಗಿಡಗಳಲ್ಲಿ ಬಿಳಿ ಹೂ ಬಂದಿದೆ. ಆಲೂಗಡ್ಡೆ ಹೂ ಬಿಡುತ್ತದೆ ಎಂದು ಅರವತ್ತಮೂರು ವರ್ಷ ಯಾರೂ ನನಗೆ ಹೇಳಿರಲಿಲ್ಲ. ನೀನಾದರೂ ಹೇಳಬಹುದಿತ್ತು.

ಅಲ್ಲಿ ಕಾಫಿ ಕುಡಿಯುತ್ತಾ ಗಿಡಗಳಿಗೆ ಒಂದೆರಡು ವಿಷಯ ಹೇಳುವ ಅಭ್ಯಾಸವಾಗಿದೆ. ಶರ್ವಾಣಿ ಕೇಳಿಸಿಕೊಂಡು, "ಅತ್ತೆ ಹತ್ರ ಮಾತಾಡಲ್ಲ, ಆಲೂಗಡ್ಡೆ ಹತ್ರ ಮಾತಾಡ್ತೀರಲ್ಲಪ್ಪಾ" ಎಂದಳು. ಅವಳಿಗೆ ಶಪಥದ ಗಾಂಭೀರ್ಯ ತಿಳಿಯದು.

ಈಗ ಹೊಸ ತೊಂದರೆ. ಎಲೆಗಳ ಮೇಲೆ ಕಂದು ಮಚ್ಚೆಗಳು. ಲಗತ್ತಿಸಿದ್ದೇನೆ. ದಯವಿಟ್ಟು ಬೇಗ ಉತ್ತರ ಬರೆಯುವುದು. ಸ್ವಲ್ಪ ವಿವರವಾಗಿ ಬರೆದರೆ ಒಳ್ಳೆಯದು. ಹೋದ ಸಲದ್ದು ಒಂದೇ ಪುಟವಿತ್ತು.

ಗುಂಡಣ್ಣ


ಇಟ್ಟಮಡು
26 ಜುಲೈ 2024

ಗುಂಡಣ್ಣ,

ವಿವರವಾಗಿಯೇ ಬರೆಯುತ್ತೇನೆ. ರೋಗದ ಮಚ್ಚೆ ಎಲೆಯ ಒಳಗಿನಿಂದ ಬರುತ್ತದೆ. ಇದು ಮೇಲಿನಿಂದ ಬಿದ್ದದ್ದು. ಒದ್ದೆ ಹತ್ತಿಯಲ್ಲಿ ಒರೆಸಿದೆ, ಹೋಯಿತು. ಹತ್ತಿಯನ್ನು ಮೂಸಿ ನೋಡಿದೆ. ಕಾಫಿ ಡಿಕಾಕ್ಷನ್. ಅದರಲ್ಲೂ ಚಿಕೋರಿ ಜಾಸ್ತಿ. ಡಾಕ್ಟರು ಹೇಳಿದ ಮೇಲೂ ನೀನು ಪುಡಿ ಬದಲಾಯಿಸಿಲ್ಲ.

ಹಾಗಾದರೆ ಮೊದಲ ಎಲೆಯ ತೂತುಗಳು ನೀನು ಇನ್ಶೂರೆನ್ಸ್ ಆಫೀಸಿನಿಂದ ರಿಟೈರಾಗುವಾಗ ಮನೆಗೆ ತಂದ ಪಂಚಿಂಗ್ ಮಷೀನಿನವು. ಅವತ್ತೇ ಅನುಮಾನ ಬಂದಿತ್ತು. ತಮ್ಮ ಅಂತ ಸುಮ್ಮನಿದ್ದೆ.

ಮೂವತ್ತು ಜನರ ಎದುರು ನಾನು ಹಾಗೆ ಅಂದದ್ದು ತಪ್ಪು, ಒಪ್ಪುತ್ತೇನೆ. ಅದಕ್ಕೆ ಸೇಡು ತೀರಿಸಿಕೊಳ್ಳಬೇಕೆಂದಿದ್ದರೆ ಬೇರೆ ದಾರಿ ಹುಡುಕು. ರೈತರು ಬಸ್ಸಿನಲ್ಲಿ ಬಾಡಿದ ಗಿಡ ಹಿಡಿದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಆ ಕೆಲಸವನ್ನು ತಮಾಷೆಗೆ ಎಳೆಯಬೇಡ. ಇನ್ನು ಮೇಲೆ ಎಲೆ ಕಳಿಸಬೇಡ. ಕಳಿಸಿದರೂ ಲಕೋಟೆ ತೆರೆಯುವುದಿಲ್ಲ.

ಪಂಕಜಾ


ಜಯನಗರ
8 ಆಗಸ್ಟ್ 2024

ಅಕ್ಕಾ,

ಇದನ್ನು ತೆರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ತೆರೆಯುತ್ತೀಯ ಎಂದೇ ನಂಬಿ ಬರೆಯುತ್ತಿದ್ದೇನೆ.

ತೂತು ಹೊಡೆದದ್ದು ನಾನೇ. ಕಾಫಿ ಚಿಮುಕಿಸಿದ್ದೂ ನಾನೇ. ತಮಾಷೆಗಲ್ಲ. ಗಿಡಗಳು ಚೆನ್ನಾಗಿ ಬಂದುಬಿಟ್ಟವು ಅಕ್ಕ, ಅದೇ ತೊಂದರೆಯಾಯಿತು. ಕಾಯಿಲೆಯಿದ್ದರೆ ನಿನಗೆ ಬರೆಯಬಹುದು. ಎಲ್ಲ ಚೆನ್ನಾಗಿದೆ ಎಂದು ಬರೆದರೆ ನೀನು ಸಂತೋಷ ಎಂದು ಒಂದು ಕಾರ್ಡ್ ಹಾಕಿ ಮುಗಿಸುತ್ತಿದ್ದೆ. ನಿನ್ನ ಕೈಬರಹ ನೋಡಿ ಮೂರು ವರ್ಷವಾಗಿತ್ತು. ನಿನ್ನ ಕೆಲಸವನ್ನು ಹೀಗಳೆಯುವುದು ನನ್ನ ಮನಸ್ಸಿನಲ್ಲೇ ಇರಲಿಲ್ಲ. ಅಷ್ಟು ಯೋಚಿಸುವ ಬುದ್ಧಿ ನನಗೆ ಇಲ್ಲ ಎಂದು ನಿನಗೇ ಗೊತ್ತಿದೆ.

ಈಗ ಕೇಳು. ನಾಲ್ಕು ದಿನದಿಂದ ಮೋಡ, ಜಿಟಿಜಿಟಿ ಮಳೆ. ಮೂರನೇ ಚೀಲದ ಗಿಡದಲ್ಲಿ ಎಲೆಗಳ ಅಂಚು ಬಿಸಿನೀರು ಬಿದ್ದಂತೆ ಬೆಂದು ಕಪ್ಪಾಗಿದೆ. ಬೆಳಿಗ್ಗೆ ಎಲೆ ತಿರುಗಿಸಿದರೆ ಅಡಿಯಲ್ಲಿ ಬೆಳ್ಳಗೆ ಬೂಷ್ಟು. ನಿನ್ನೆ ಒಂದು ಗಿಡ, ಇವತ್ತು ಮೂರು. ಬೇಡವೆಂದಿದ್ದರೂ ಒಂದು ಎಲೆ ಇಟ್ಟಿದ್ದೇನೆ. ಇದು ಪಂಚಿಂಗ್ ಮಷೀನ್ ಅಲ್ಲ. ಅಮ್ಮನ ಆಣೆಗೂ ಅಲ್ಲ.

ನಾಳೆ ನಾಗರ ಪಂಚಮಿ. ಒಡಹುಟ್ಟಿದವಳು ಬೆನ್ನಿಗೆ ಹಾಲು ಹಚ್ಚಿ ಹರಸುವ ಹಬ್ಬ. ಮೂರನೇ ವರ್ಷವೂ ನನ್ನ ಬೆನ್ನು ಒಣಗಿಯೇ ಇರುತ್ತದೆ. ಗೌರಿ ಹಬ್ಬಕ್ಕಾದರೂ ನಿನ್ನ ಬಾಗಿಲಿಗೆ ಬರಬೇಕೆಂದಿದ್ದೆ. ಈ ಗಿಡಗಳು ಹೋದರೆ ಇನ್ನೊಂದು ವರ್ಷ ಕಾಯಬೇಕು.

ಗುಂಡಣ್ಣ


(ಅಂಚೆ ಕಾರ್ಡು)

ಜಯನಗರ
10 ಆಗಸ್ಟ್ 2024

ಅಕ್ಕಾ, ಐದು ಗಿಡ ಕಪ್ಪಾದವು. ಟೆರೇಸಿಗೆ ಹೋದರೆ ಕೊಳೆತ ವಾಸನೆ. ಸೋಮವಾರ ಬೆಳಿಗ್ಗೆ ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋಗಬೇಕು, ಬರುವಷ್ಟರಲ್ಲಿ ಎಷ್ಟು ಉಳಿದಿರುತ್ತವೋ. ಏನಾದರೂ ಒಂದು ಸಾಲು ಬರೆ. ಬೈದಾದರೂ ಬರೆ. ಗುಂಡಣ್ಣ


(ಟೆರೇಸಿನಲ್ಲಿ, ಒಂದನೇ ಚೀಲದ ಮೇಲೆ, ಇಟ್ಟಿಗೆಯ ಕೆಳಗೆ)

ನಿನ್ನದೇ ಟೆರೇಸ್
12 ಆಗಸ್ಟ್ 2024, ಸೋಮವಾರ ಬೆಳಿಗ್ಗೆ ಹನ್ನೊಂದು

ಗುಂಡಣ್ಣ,

ಲಕೋಟೆ ಶನಿವಾರವೇ ಬಂತು. ತೆರೆಯಲಿಲ್ಲ. ಟಿವಿ ಪಕ್ಕ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಶರ್ವಾಣಿ ಫೋನ್ ಮಾಡಿ, ನೀನು ಅರ್ಧ ಇಡ್ಲಿ ಬಿಟ್ಟು ಎದ್ದೆ ಎಂದಳು. ಇಡ್ಲಿ ಬಿಟ್ಟೇಳುವ ಪೈಕಿ ಅಲ್ಲ ನೀನು. ಆಗ ತೆರೆದೆ. ಎಲೆ ಕೈಗೆ ಬರುವ ಮೊದಲೇ ವಾಸನೆ ಬಂತು. ಕಾಫಿಯದಲ್ಲ.

ಆಟೋ ಹಿಡಿದು ಬಂದೆ. ಶರ್ವಾಣಿ ಬಾಗಿಲು ತೆಗೆದಳು. ನೀನು ಬ್ಯಾಂಕಿನಿಂದ ಬರುವಷ್ಟರಲ್ಲಿ ಹೋಗಿಬಿಡುತ್ತೇನೆ. ಎದುರೆದುರು ನಿಂತು ಮೂಕರ ಹಾಗೆ ಕೈಸನ್ನೆ ಮಾಡುವ ವಯಸ್ಸಲ್ಲ ನಮ್ಮದು.

ಇದು ಅಂಗಮಾರಿ. ಮೋಡ, ತಂಪು, ಜಿಟಿಮಳೆ ಮೂರೂ ಸೇರಿದರೆ ಬರುತ್ತದೆ, ಮೂರು ದಿನದಲ್ಲಿ ಹೊಲವನ್ನೇ ಮುಗಿಸುತ್ತದೆ. ನಿನ್ನ ತಪ್ಪಲ್ಲ. ಎಂಟೂ ಗಿಡಗಳನ್ನು ಬುಡಕ್ಕೆ ಕತ್ತರಿಸಿ ಕಸದ ಚೀಲಕ್ಕೆ ತುಂಬಿಸಿದ್ದೇನೆ. ನೋಡಿ ಗಾಬರಿಯಾಗಬೇಡ. ಗಿಡ ಹೋದರೂ ಮಣ್ಣಿನ ಕೆಳಗೆ ಗಡ್ಡೆಗಳಿವೆ, ಕೆದಕಿ ನೋಡಿದೆ, ಸದ್ಯಕ್ಕೆ ಚೆನ್ನಾಗಿವೆ. ರೋಗ ನೀರಿನ ಜೊತೆ ಕೆಳಗಿಳಿದು ಗಡ್ಡೆಗೆ ತಗಲುತ್ತದೆ. ಆದ್ದರಿಂದ ಮಳೆ ಬಂದಾಗ ಪ್ಲಾಸ್ಟಿಕ್ ಹೊದಿಸು, ನಿಂತಾಗ ತೆಗೆ. ಒಂದು ತೊಟ್ಟು ನೀರೂ ಹಾಕಬೇಡ. ಸಿಪ್ಪೆ ಗಟ್ಟಿಯಾಗಲು ಮೂರು ವಾರ ಬೇಕು. ಅಲ್ಲಿಯವರೆಗೆ ಅಗೆಯಬೇಡ. ಸೆಪ್ಟೆಂಬರ್ ಒಂದಕ್ಕೆ ಅಗೆ.

ಚೀಲಗಳಲ್ಲಿ ದಾಸವಾಳದ ಎಸಳು ಬಿದ್ದಿದ್ದವು. ಪಕ್ಕದ ಮನೆಯಿಂದ ಗಾಳಿಗೆ ಬಂದಿರಬೇಕು, ಆರಿಸಿ ಹಾಕು. ಎರಡನೇ ಚೀಲದಿಂದ ಒಂದು ಗಡ್ಡೆಯನ್ನು ನಮೂನೆಗೆಂದು ತೆಗೆದುಕೊಂಡು ಹೋಗುತ್ತಿದ್ದೇನೆ.

ಪಂಕಜಾ

ಬೂಷ್ಟು ಎಲೆಯ ಅಡಿಯಲ್ಲಿ, ಬೆಳಿಗ್ಗೆ, ಎಂದು ನೀನು ಬರೆದಿದ್ದೆ. ನನ್ನ ಜೂನಿಯರುಗಳು ಹೇಳಿಕೊಟ್ಟರೂ ಅಡಿಭಾಗ ನೋಡುತ್ತಿರಲಿಲ್ಲ. ಚೆನ್ನಾಗಿ ಗಮನಿಸಿದ್ದೀಯ.


ಜಯನಗರ
15 ಆಗಸ್ಟ್ 2024

ಅಕ್ಕಾ,

ಬ್ಯಾಂಕಿನಿಂದ ಬಂದು ಟೆರೇಸ್ ಹತ್ತಿದೆ. ಎಂಟು ಬೋಳು ಚೀಲ, ಒಂದು ಇಟ್ಟಿಗೆ, ನಿನ್ನ ಕಾಗದ. ಅಲ್ಲೇ ಕೂತು ನಾಲ್ಕು ಸಲ ಓದಿದೆ. ಕೊನೆಯ ಸಾಲನ್ನು ಶರ್ವಾಣಿಗೂ ಓದಿ ಹೇಳಿದೆ. ಅವಳು ಅದನ್ನು ಫ್ರೇಮ್ ಹಾಕಿಸೋಣ ಎಂದಳು.

ನೀನು ಹತ್ತು ನಿಮಿಷ ಮೊದಲು ಹೊರಟದ್ದಂತೆ. ನಾನು ಜಯನಗರ ಫೋರ್ತ್ ಬ್ಲಾಕಿನಲ್ಲಿ ನಿಂತು ಕಬ್ಬಿನ ಹಾಲು ಕುಡಿಯದಿದ್ದರೆ ನಿನ್ನನ್ನು ನೋಡಬಹುದಿತ್ತು. ಮಾತಾಡದೆ ನೋಡುವುದಕ್ಕೆ ಶಪಥದಲ್ಲಿ ಅಡ್ಡಿಯಿಲ್ಲ, ಗಂಗಾಧರಯ್ಯನವರನ್ನು ಕೇಳಿದ್ದೇನೆ.

ನೀನು ಹೇಳಿದ ಒಂದೊಂದು ಮಾತನ್ನೂ ಪಾಲಿಸುತ್ತಿದ್ದೇನೆ. ಮಳೆ ಬಂದರೆ ನನ್ನ ರೇನ್‌ಕೋಟನ್ನು ಬಿಚ್ಚಿ ಚೀಲಗಳಿಗೆ ಹೊದಿಸಿ ನಾನು ನೆನೆಯುತ್ತೇನೆ. ಒಂದು ತೊಟ್ಟು ನೀರು ಹಾಕಿಲ್ಲ. ನಲ್ಲಿಯ ಪೈಪನ್ನೇ ಬಿಚ್ಚಿ ಕೆಳಗೆ ಇಟ್ಟುಬಿಟ್ಟಿದ್ದೇನೆ.

ನಮೂನೆಯ ಫಲಿತಾಂಶ ಏನು?

ಗುಂಡಣ್ಣ


ಇಟ್ಟಮಡು
21 ಆಗಸ್ಟ್ 2024

ಗುಂಡಣ್ಣ,

ನಮೂನೆ ಪರೀಕ್ಷೆಯಲ್ಲಿದೆ. ಇಂಥದಕ್ಕೆ ಸಮಯ ಹಿಡಿಯುತ್ತದೆ.

ರೇನ್‌ಕೋಟ್ ನೀನೇ ಹಾಕಿಕೋ. ಹಳೆಯ ಟೇಬಲ್ ಕವರ್ ಶರ್ವಾಣಿ ಕೈಯಲ್ಲಿ ಕಳಿಸಿದ್ದೇನೆ. ಕಾಫಿ ಪುಡಿಯೂ ಇದೆ ಅದರ ಜೊತೆ, ಚಿಕೋರಿ ಇಲ್ಲದ್ದು.

ನೀನು ಏಳು ವರ್ಷದವನಿದ್ದಾಗ ಹುಣಸೆಬೀಜ ನೆಟ್ಟು, ಮೊಳಕೆ ಬಂತೋ ಎಂದು ದಿನಾ ಕಿತ್ತು ನೋಡಿ ಮತ್ತೆ ನೆಡುತ್ತಿದ್ದೆ. ಒಂಬತ್ತನೇ ದಿನ ಅದು ಸತ್ತಿತು. ನೀನು ಅತ್ತೆ. ನಾನು ಬೇರೆ ಬೀಜ ನೆಟ್ಟು ನಿನ್ನದೇ ಎಂದು ತೋರಿಸಿದೆ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಈಗಲೂ ಕೆದಕಿ ನೋಡಬೇಡ ಎನ್ನುವುದಕ್ಕೆ ಹೇಳುತ್ತಿದ್ದೇನೆ.

ಈ ಸಲ ಎರಡು ಪುಟ ಬರೆಯೋಣವೆಂದಿದ್ದೆ. ಮಂಡಿ ನೋವು, ನಿನ್ನ ಟೆರೇಸಿನ ಮೆಟ್ಟಿಲು ಬಹಳ ಎತ್ತರ. ಆದರೆ ಟೆರೇಸ್ ಚೆನ್ನಾಗಿಟ್ಟಿದ್ದೀಯ.

ಪಂಕಜಾ


ಜಯನಗರ
1 ಸೆಪ್ಟೆಂಬರ್ 2024, ಭಾನುವಾರ

ಅಕ್ಕಾ,

ಇವತ್ತು ಬೆಳಿಗ್ಗೆ ಅಗೆದೆ. ಶರ್ವಾಣಿ ವೀಡಿಯೋ ಮಾಡುತ್ತೇನೆಂದು ಫೋನ್ ಹಿಡಿದು ನಿಂತಿದ್ದಳು. ಮೂರನೇ ಚೀಲ ಆದ ಮೇಲೆ ಅವಳೇ ಫೋನ್ ಒಳಗಿಟ್ಟಳು.

ಎಲ್ಲಾ ಕೊಳೆತಿವೆ. ಎಂಟು ಚೀಲದಲ್ಲಿ ಐವತ್ತೊಂದು ಗಡ್ಡೆ ಸಿಕ್ಕವು, ಅಂದರೆ ಬೆಳೆ ಬಂದಿತ್ತು ಅಕ್ಕ, ನನ್ನ ಕೈಯಲ್ಲಿ ನಿಜವಾಗಿಯೂ ಬಂದಿತ್ತು. ಮುಟ್ಟಿದರೆ ಒಂದೊಂದೂ ಪಿಚಕ್ಕೆನ್ನುತ್ತಿದೆ. ನೀನು ಅಂದದ್ದು ಸರಿಯಿತ್ತು. ಅವತ್ತು ನಾನು ಎದ್ದುಹೋದದ್ದೇ ತಪ್ಪು. ಪಾಯಸ ತಿಂದು ಸುಮ್ಮನಿದ್ದಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ನೀರು ಹಾಕಲಿಲ್ಲ. ಕೆದಕಲಿಲ್ಲ. ಮಳೆ ತಾಗಿಸಲಿಲ್ಲ. ಏನು ತಪ್ಪಾಯಿತೋ ಗೊತ್ತಾಗುತ್ತಿಲ್ಲ. ಒಂದು ಗಡ್ಡೆಯನ್ನು ಮಣ್ಣಿನ ಸಮೇತ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಶರ್ವಾಣಿ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾರಣ ತಿಳಿದರೆ ಸಾಕು.

ಶಪಥ ದೇವರ ಪ್ರಸಾದ ಇಟ್ಟ ಪಂಕ್ತಿಯಲ್ಲಿ ಮಾಡಿದ್ದು, ಮುರಿಯಲಾರೆ. ಈ ವರ್ಷವೂ ಬಾಗಿನ ಶರ್ವಾಣಿಯೇ ತರುತ್ತಾಳೆ. ಬೇಸರ ಮಾಡಿಕೊಳ್ಳಬೇಡ. ಮುಂದಿನ ವರ್ಷ ಹನ್ನೆರಡು ಚೀಲ ಹಾಕುತ್ತೇನೆ.

ಗುಂಡಣ್ಣ


ಇಟ್ಟಮಡು
3 ಸೆಪ್ಟೆಂಬರ್ 2024

ಗುಂಡಣ್ಣ,

ಬಾಟಲಿಯನ್ನು ಹಿತ್ತಲಿನಲ್ಲಿ ತೆರೆದೆ. ಮೂಗಿಗೆ ಸೆರಗು ಕಟ್ಟಿಕೊಂಡು ಮಣ್ಣನ್ನು ತಟ್ಟೆಗೆ ಸುರಿದು ಭೂತಗನ್ನಡಿ ಹಿಡಿದೆ. ಸಿಕ್ಕಿದ್ದು: ನಾಲ್ಕು ತುಳಸಿ ಎಲೆ, ದಾಸವಾಳದ ಎಸಳು, ಕುಂಕುಮ, ಕರಗಿದ ಗಂಧ, ಒಂದು ಅಕ್ಷತೆ ಕಾಳು. ಗಾಳಿಗೆ ಅಕ್ಷತೆ ಹಾರಿಬರುವುದಿಲ್ಲ. ಶರ್ವಾಣಿಯನ್ನು ಕೂರಿಸಿಕೊಂಡು ಕೇಳಿದೆ, ಅಪ್ಪ ದಿನಾ ದೇವರಿಗೆ ಅಭಿಷೇಕ ಮಾಡಿದ ನೀರನ್ನು ಎಲ್ಲಿ ಹಾಕುತ್ತಾನೆ ಎಂದು. "ಟೆರೇಸಲ್ಲೇ ಅತ್ತೆ, ಆಲೂಗಡ್ಡೆ ಬುಡಕ್ಕೆ. ದಿನಾ ಎರಡು ಚೊಂಬು. ತುಳಿಯೋ ಜಾಗಕ್ಕೆ ಹಾಕಬಾರ್ದಲ್ವಾ" ಎಂದಳು. ನೀರು ಹಾಕಬೇಡ ಅಂದಿದ್ದೆನಲ್ಲ ಎಂದರೆ, ಅದು ನೀರಲ್ಲ, ತೀರ್ಥ ಎಂದು ನೀನು ಅವಳಿಗೆ ಹೇಳಿದ್ದೀಯಂತೆ.

ನಿನ್ನಂಥವನನ್ನು ನಾನು ಎಲ್ಲಿಯೂ ನೋಡಿಲ್ಲ. ಬರೆಯುವುದು ಮಾತಲ್ಲ, ತೀರ್ಥ ನೀರಲ್ಲ. ಅಂಗಮಾರಿಗೆ ಶಾಸ್ತ್ರ ಗೊತ್ತಿಲ್ಲ ಕಣೋ, ಒದ್ದೆಯಾದರೆ ಅದಕ್ಕೆ ಸಾಕು. ಶರ್ವಾಣಿ ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಾ ನಿಂತಿದ್ದೆ. ಆಮೇಲೆ ಸ್ವಲ್ಪ ಅತ್ತೆ.

ಎಸಳು ನೋಡಿದ ದಿನವೇ ನಾನು ಕೇಳಬೇಕಿತ್ತು. ಆ ತಪ್ಪು ನನ್ನದು. ಇನ್ನೊಂದು ತಪ್ಪೂ ಇದೆ, ಅದನ್ನು ಹೇಳದೆ ಇಷ್ಟು ದಿನ ಇಟ್ಟುಕೊಂಡಿದ್ದೆ.

ಅವತ್ತು ಎರಡನೇ ಚೀಲದಿಂದ ತಂದ ಗಡ್ಡೆ ಯಾವ ಪರೀಕ್ಷೆಗೂ ಹೋಗಲಿಲ್ಲ. ನಿಂಬೆಹಣ್ಣಿನಷ್ಟಿತ್ತು. ಮನೆಗೆ ಬಂದವಳೇ ತೊಳೆದು, ಬೇಯಿಸಿ, ಉಪ್ಪು ಮೆಣಸು ಉದುರಿಸಿ, ನಿಂತುಕೊಂಡೇ ತಿಂದೆ. ಬಿಸಿಯಿತ್ತು, ನಾಲಿಗೆ ಸುಟ್ಟಿತು. ನೀನು ಬೆಳೆದ ಆಲೂಗಡ್ಡೆಯನ್ನು ನಾನು ಆಗಸ್ಟ್ ಹನ್ನೆರಡನೇ ತಾರೀಕು ಮಧ್ಯಾಹ್ನ ಒಂದೂವರೆಗೆ ತಿಂದಾಗಿದೆ. ನಿನ್ನ ಶಪಥ ಅವತ್ತೇ ಮುಗಿದಿದೆ. ಬೇಕಾದರೆ ಗಂಗಾಧರಯ್ಯನವರನ್ನು ಕೇಳು.

ಅವತ್ತೇ ಹೇಳಬಹುದಿತ್ತು. ಹೇಳಿದ್ದರೆ ನೀನು ಫೋನ್ ಮಾಡುತ್ತಿದ್ದೆ, ಕಾಗದ ನಿಂತುಹೋಗುತ್ತಿತ್ತು. ಇನ್ನೊಂದೆರಡು ಬರಲಿ ಎಂದು ಆಸೆಯಾಯಿತು. ನೀನು ಪಂಚಿಂಗ್ ಮಷೀನ್ ಹಿಡಿದದ್ದಕ್ಕೂ ನಾನು ನಮೂನೆ ಪರೀಕ್ಷೆಯಲ್ಲಿದೆ ಅಂದದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಒಂದೇ ತಾಯಿಯ ಮಕ್ಕಳು.

ಫಲಿತಾಂಶ ಬರೆದುಕೋ: ಗಡ್ಡೆ ಚೆನ್ನಾಗಿತ್ತು. ಸ್ವಲ್ಪ ಸಿಹಿಯಿತ್ತು. ನಿನ್ನ ಕೈಯಲ್ಲಿ ಆಲೂಗಡ್ಡೆ ಮೊಳೆಯುತ್ತದೆ, ಬೆಳೆಯುತ್ತದೆ, ಹೂವೂ ಬಿಡುತ್ತದೆ. ಇದನ್ನು ಶುಕ್ರವಾರ ಹಬ್ಬದ ಊಟಕ್ಕೆ ಬರುವ ನೆಂಟರ ಎದುರು, ಪಂಕ್ತಿಯಲ್ಲಿ ನಿಂತು, ನಾನೇ ಹೇಳುತ್ತೇನೆ.

ಬಾಗಿನ ನೀನೇ ತಾ. ಮೊರದಲ್ಲಿ ಆಲೂಗಡ್ಡೆ ಇಡುವ ಪದ್ಧತಿ ನಮ್ಮಲ್ಲಿ ಇಲ್ಲ, ಅಂಗಡಿಯಿಂದ ಕೊಂಡು ತುಂಬಿಸಬೇಡ. ಹಾಲು ಕಾಯಿಸಿ ಆರಿಸಿ ಇಟ್ಟಿರುತ್ತೇನೆ. ಪಂಚಮಿ ಮುಗಿದು ತಿಂಗಳಾಗುತ್ತಾ ಬಂತು, ಆದರೂ ಮೊದಲು ಬೆನ್ನು ತೋರಿಸಿ ಆಮೇಲೆ ಊಟಕ್ಕೆ ಕೂರು.

ಬಂದಾಗ ಕಾಲಿಂಗ್ ಬೆಲ್ ಒತ್ತಬೇಡ. ಗೇಟಿನ ಹತ್ತಿರ ನಿಂತು ಕೂಗು. ಮೂರು ವರ್ಷದಿಂದ ಈ ಗೇಟಿನಲ್ಲಿ ನನ್ನನ್ನು ಅಕ್ಕಾ ಎಂದು ಕರೆಯುವವನು ತರಕಾರಿಯವನೊಬ್ಬನೇ. ಅವನು ಬೀದಿಯಲ್ಲಿ ಎಲ್ಲರನ್ನೂ ಹಾಗೇ ಕರೆಯುತ್ತಾನೆ.

ಪಂಕಜಕ್ಕ